ನಲವತ್ತೊಂದನೆಯ ನಳಿಗೆ

ಪರದೆಯ ಮೇಲೆ ಲ್ಯಾಬಿನ ಸಾಹೇಬರ ಲೇಸರ್ ಕಡ್ಡಿಯ ಕೆಂಪು ಚುಕ್ಕೆ ನಡುಗುತ್ತಿದೆ, ನಾಲಿಗೆ ಮಾತ್ರ ನಡುಗುವುದಿಲ್ಲ — ಈ ಹೊಸ ಯಂತ್ರದಲ್ಲಿ ಎರಡೇ ಗಂಟೆಲಿ ಕ್ಷಯನೂ ಹಿಡೀತೀವಿ, ಯಾವ ಔಷಧಿ ನಾಟುತ್ತೆ ಯಾವುದು ನಾಟಲ್ಲ ಅನ್ನೋದೂ ಹೇಳ್ತೀವಿ, ನಳಿಗೆಲಿ ಬೆಳೆಸಿ ನೋಡೋ ಹಳೇ ಪದ್ಧತಿ ಜೊತೆ ನೂರಕ್ಕೆ ನೂರು ತಾಳೆ — ಮುಂದಿನ ಸಾಲಿನ ಕೋಟುಗಳು ಗೋಣು ಆಡಿಸಿದವು, ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತ ಅವಳಿಗೆ ನಗು ಬಂತು, ಇಪ್ಪತ್ತೆರಡು ವರ್ಷ ಗಾಜಿನ ಮೇಲೆ ಕಫ ಬಳಿದವಳು ಅವಳು, ಒಂದು ರೋಗಾಣುವನ್ನೂ ಕಣ್ಣಾರೆ ಕಂಡಿರದ ಈ ಮಹಾಶಯರಿಗೆ ಬಿಸ್ಕತ್ತು ಹಂಚುವುದಕ್ಕೂ ಅವಳೇ ಬೇಕು. ನೂರಕ್ಕೆ ನೂರಂತೆ, ಥೂ, ತಾಳೆಯಾಗದ್ದನ್ನು ಎತ್ತಿ ಬಿಸಾಡಿದರೆ ಮಿಕ್ಕಿದ್ದೆಲ್ಲ ತಾಳೆಯೇ ಆಗುತ್ತದೆ, ಅದಕ್ಕೆ ಅಷ್ಟು ಓದಬೇಕಿತ್ತೇ, ನಲವತ್ತೊಂದನೆಯ ಮಾದರಿ ಇತ್ತಲ್ಲ, ಆ ಟೈಲರ್ ಹೆಂಗಸಿನ ಕಫ, ಔಷಧಿ ನಾಟುತ್ತದೆ ಎಂದಿತು ಹೊಸ ಯಂತ್ರ, ಅವಳ ಹಳೆಯ ನಳಿಗೆ ನಾಟುವುದಿಲ್ಲ ಎಂದಿತು — ಔಷಧಿ ಬೆರೆಸಿದ ಹಸಿರು ಪಾಕದ ಮೇಲೆ, ರೋಗಾಣು ಸಾಯಬೇಕಾದ ಕಡೆಯೇ, ನಾಲ್ಕನೇ ವಾರ ಬ್ರೆಡ್ಡಿನ ಪುಡಿಯಂತೆ ಒಣಗಿ ಒರಟಾಗಿ ಬೆಳೆದು ಕೂತಿತ್ತು. ಅಯ್ಯೋ ಅದು ಬೂಷ್ಟು ಕಣಮ್ಮಾ, ಕಲುಷಿತ ಅಂತ ಬರೆದು ಬಿಸಾಕಿ, ಅಂದರು ಸಾಹೇಬರು, ನಳಿಗೆಯ ಕಡೆ ಕತ್ತೂ ತಿರುಗಿಸದೆ, ಕಲುಷಿತವಾದದ್ದು ಎರಡೇ ದಿನಕ್ಕೆ ಗಂಜಿಯಂತೆ ಹರಡಿ ನಾರುತ್ತದೆ ಸ್ವಾಮಿ, ವಾರಗಟ್ಟಲೆ ಸತಾಯಿಸಿ ಇಷ್ಟಿಷ್ಟೇ ಮೇಲೇಳುವುದಿಲ್ಲ, ಇದು ನಿನ್ನೆ ಸೇರಿದವರಿಗೂ ಗೊತ್ತು, ಹೇಳಬೇಕಿತ್ತು — ಹೇಳಿದಳೇ, ಇಲ್ಲ, ದುಂಡಗೆ ಬರೆದಳು, ಕಲುಷಿತ, ಎಷ್ಟು ಚೆಂದದ ಅಕ್ಷರ ಇವಳದು, ಮಹಾ ಬುದ್ಧಿವಂತೆ.

ಇವತ್ತು ಬೆಳಿಗ್ಗೆ ಬಂದಿದ್ದಳು ಟೈಲರ್, ಲ್ಯಾಬಿನ ಕಿಟಕಿಯ ಆಚೆ, ಕುತ್ತಿಗೆಯಲ್ಲಿ ಅಳತೆಯ ಟೇಪು, ಅಕ್ಕಾ, ನಾಲ್ಕು ತಿಂಗಳಾಯ್ತು, ಒಂದು ಮಾತ್ರೆನೂ ಬಿಟ್ಟಿಲ್ಲ, ಕೆಮ್ಮು ಜಾಸ್ತಿನೇ ಆಗಿದೆ, ನೀನೇ ಎಲ್ಲೋ ತಪ್ಪಿಸಿರ್ತೀಯ ಅಂತ ಡಾಕ್ಟ್ರು ಬೈದ್ರು — ಬೈಯದೆ ಏನು ಮಾಡಿಯಾರು, ಯಂತ್ರದ ಚೀಟಿ ಬಿಟ್ಟು ಬೇರೇನೂ ಓದಲು ಬಾರದ ಪಂಡಿತರು, ಔಷಧಿ ಸೋತರೆ ರೋಗಿಯದೇ ತಪ್ಪು — ಮಗು ನನ್ನ ಪಕ್ಕ ಮಲಗದಿದ್ರೆ ನಿದ್ದೆನೇ ಮಾಡಲ್ಲ ಅಕ್ಕಾ, ಬಾಯಿ ತೆರ್ಕೊಂಡು ನನ್ನ ಮುಖಕ್ಕೇ ಮುಖ ಇಟ್ಟು ಮಲಗುತ್ತೆ, ಮಲಗಿಸ್ಕೋಬೋದಂತೆ, ಡಾಕ್ಟ್ರು ಹೇಳಿದಾರೆ, ನೀವೂ ಒಂದು ಮಾತು ಹೇಳಿ. ಡಾಕ್ಟ್ರು ಹೇಳಿದ ಮೇಲೆ ಇನ್ನೇನಮ್ಮಾ, ಅಂದುಬಿಟ್ಟಳು ಇವಳು, ಮಾಸ್ಕು ಸರಿಮಾಡಿಕೊಳ್ಳುತ್ತಾ, ಸಾಹೇಬರಿಗೆ ಉಗಿಯಲು ಎಷ್ಟು ಯೋಗ್ಯತೆ ನೋಡು ಇವಳಿಗೆ.

ಚಪ್ಪಾಳೆ. ಮುಂದಿನ ಸಾಲಿನ ಮುದುಕ ಡಾಕ್ಟರೊಬ್ಬರು ಎದ್ದರು, ಈ ಮಂದೆಯಲ್ಲಿ ಒಬ್ಬರಾದರೂ ಎಚ್ಚರವಾಗಿದ್ದಾರೆ, ಕಲುಷಿತ ಅಂತ ಎಷ್ಟು ಕೈಬಿಟ್ರಿ, ಯಾರು ನೋಡಿ ಹೇಳಿದ್ದು — ಒಂದೇ ಒಂದು ಸರ್, ನಮ್ಮ ಹಿರಿಯ ಟೆಕ್ನಿಷಿಯನ್ನೇ ಪರೀಕ್ಷೆ ಮಾಡಿ ಬರೆದಿದ್ದು, ಅಲ್ವೇನಮ್ಮಾ — ಕೋಟುಗಳೆಲ್ಲ ಹಿಂದಕ್ಕೆ ತಿರುಗಿದವು, ಈಗ ಹೇಳು, ಈಗಲಾದರೂ, ಪಿಂಚಣಿಗೆ ಮೂರು ವರ್ಷ, ಹೇಳು, ಹೌದು ಸರ್, ಅಂದಿತು ಯಾರದೋ ಬಾಯಿ, ಇವಳದೇ, ಮುದುಕರು ಕೂತರು, ಸಾಹೇಬರು ಹಲ್ಲು ಕಿರಿದರು, ಇವಳು ಒಮ್ಮೆಯೂ ನೋಡಿರದ ಮಗು, ಅವ್ವನ ಮುಖಕ್ಕೆ ಮುಖ ಇಟ್ಟು, ಬಾಯಿ ತೆರೆದು, ಉಸಿರೆಳೆದುಕೊಳ್ಳುತ್ತಾ, ಬಾಯಿ ತೆರೆದು —