ಸೂರ್ಯಕಾಂತಿಯ ನೀಲಿ ಗೆರೆ

ನಾನು ಒಂದು ಅಳತೆಕೋಲು. ಬಡಿಗೇರ ಮೌನೇಶಪ್ಪ ಹಳೆಯ ಬಾಗಿಲೊಂದರ ಸಾಗವಾನಿಯಿಂದ ನನ್ನನ್ನು ಮಾಡಿ, ಮೈತುಂಬ ಗೆರೆ ಕೊರೆದು, ರೋಣದ ಕಡೆಯ ಒಂದು ಶಾಲೆಗೆ ಕೊಟ್ಟ. ಹುಟ್ಟಿದ್ದು ಅಳೆಯಲು. ಆದರೆ ಹೆಡ್‌ಮಾಸ್ತರರ ಕೈಯಲ್ಲಿ ವರ್ಷಗಟ್ಟಲೆ ಬಡಿದದ್ದೇ ಹೆಚ್ಚು. ಆ ಎಳೆಯ ಅಂಗೈಗಳ ಬಿಸಿಯನ್ನು ಇನ್ನೂ ಮರೆತಿಲ್ಲ.

ಪಾಠ ಹೇಳಲು ಮಂದಾಕಿನಿ ಅಕ್ಕೋರು ಬಂದ ಮೇಲೆ ನನ್ನ ಬದುಕು ಮಣ್ಣಿಗಿಳಿಯಿತು. ಶಾಲೆಯ ಹಿಂದಿನ ಬಯಲಿನಲ್ಲಿ ಮಕ್ಕಳಿಂದ ಹೂದೋಟ ಮಾಡಿಸಿದರು. ಮಡಿಗಳ ಸುತ್ತಳತೆಯೇ ಗಣಿತ, ಬೇರು ದಂಟುಗಳೇ ವಿಜ್ಞಾನ. ಚೆಂಡುಹೂವಿನ ಮೇಲೆ ಪದ್ಯ ಕಟ್ಟಿದರೆ ಅದೇ ಕನ್ನಡ ಪಾಠ. ಹಿಂದೆ ಏಟು ತಿಂದಿದ್ದ ಯಮನವ್ವ ಮಾತ್ರ ನನ್ನನ್ನು ಮುಟ್ಟಲು ಹೆದರುತ್ತಿದ್ದಳು.

"ಹಿಡಿಯವ್ವ, ಈಗದು ಬಡಿಯೂದಿಲ್ಲ," ಎಂದರು ಅಕ್ಕೋರು.

ಹಿಡಿದಳು. ಆಮೇಲೆ ಬಿಡಲೇ ಇಲ್ಲ. ತನ್ನ ಸೂರ್ಯಕಾಂತಿ ಅರಳಿದ ದಿನ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ಹೂವಿನ ನೆತ್ತಿಯ ಮಟ್ಟಕ್ಕೆ ನನ್ನ ಮೈಮೇಲೆ ನೀಲಿ ಮಸಿಯ ಗೆರೆ ಎಳೆದಳು.

ಆ ಬಯಲಿಗೆ ಫರಸಿ ಕಲ್ಲು ಹಾಸಬೇಕೆಂಬ ಮಾತು ಮೊದಲಿನಿಂದಲೂ ಇತ್ತು. ತೋಟ ಉಳಿಯಬೇಕೋ ಬೇಡವೋ ಎಂದು ನೋಡಿ ಹೇಳಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರ ಜೀಪಿಗೆ ದಾರಿ ತೋರಿ ಕರೆತರಲು ಅಕ್ಕೋರು ಬಸ್ ಸ್ಟ್ಯಾಂಡಿಗೆ ಹೋದ ಹೊತ್ತಿನಲ್ಲಿ, ಕೊರಳಿಗೆ ಹಾಕಲು ಮಾಲೆ ತರಿಸಿಲ್ಲವೆಂದು ಹೆಡ್‌ಮಾಸ್ತರರಿಗೆ ದಿಗಿಲಾಯಿತು.

"ಸಾಹೇಬರನ್ನ ಬರೇ ಕೊಳ್ಳಾಗ ನಿಂದ್ರಸ್ತೀರೇನ್ರಲೇ? ಮಾಲಿ ಎಲ್ಲೈತಿ? ಹರೀರಿ, ಇದ್ದಬದ್ದ ಹೂವೆಲ್ಲಾ ಹರೀರಿ!"

"ಸರ್, ನಂದೊಂದು ಬಿಡ್ರಿ," ಎಂದಳು ಯಮನವ್ವ.

"ಮಾಲಿ ನಡುವ ಅದ ಬೇಕವ್ವ. ನಿನ್ನ ಹೂವ ಸಾಹೇಬರ ಎದಿಮ್ಯಾಲೆ! ಪುಣ್ಯಾ ಮಾಡೀದಿ."

ಸಾಹೇಬರು ಮಾಲೆ ಹಾಕಿಸಿಕೊಂಡು, ಆ ಗಳಿಗೆಯೇ ತೆಗೆದು ಮೇಜಿನ ಮೇಲಿಟ್ಟರು. ಹಿತ್ತಲಿಗೆ ಬಂದು ಬೋಳು ದಂಟುಗಳನ್ನು ನೋಡಿದರು.

"ಎಲ್ರೀ ತ್ವಾಟ?"

"ಈಗ ನಿಮ್ಮ ಕೊಳ್ಳಾಗ ಇತ್ತಲ್ರೀ," ಎಂದಳು ಯಮನವ್ವ.

ಯಾರೋ ಕಿಸಕ್ಕನೆ ನಕ್ಕರು. ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗು ಬಂದು ಅಲ್ಲ. ಸಾಹೇಬರು "ಕಲ್ಲ ಹಾಸಿಬಿಡ್ರಿ" ಎಂದು ಜೀಪು ಹತ್ತಿದರು.

ಕಲ್ಲು ಹಾಸುವ ಗೌಂಡಿ ಬಂದು ಅಳತೆಕೋಲು ಕೇಳಿದಾಗ ಹೆಡ್‌ಮಾಸ್ತರರು ನನ್ನನ್ನೇ ಕೊಟ್ಟರು. ಅವನು ನೀಲಿ ಗೆರೆಯನ್ನೇ ಗುರುತೆಂದು ತಿಳಿದು ಪ್ರತಿ ಕಲ್ಲನ್ನೂ ಅಷ್ಟಕ್ಕೇ ಕಡಿದ. ಬೇಡವೆನ್ನಲು ನನಗೆ ಬಾಯಿಲ್ಲ.

ಈಗ ಗೆದ್ದಲು ಹಿಡಿದು ಕಿಟಕಿಯ ಮೂಲೆಗೆ ಒರಗಿದ್ದೇನೆ. ಬಡಿದ ಏಟುಗಳಿಗಿಂತ ಆ ತಪ್ಪದ ಅಳತೆಯೇ ನನ್ನನ್ನು ಹೆಚ್ಚು ಸುಡುತ್ತದೆ. ಹೊರಗೆ ಮಕ್ಕಳು ಕುಂಟಾಬಿಲ್ಲೆ ಆಡುತ್ತಾರೆ. ಅವರ ಕಾಲಡಿಯ ಒಂದೊಂದು ಕಲ್ಲೂ ಯಮನವ್ವನ ಸೂರ್ಯಕಾಂತಿಯಷ್ಟೇ ಉದ್ದ. ಆದರೆ ಮಲಗಿದೆ.