ಒಂಟಿ ಕೈಗವಸುಗಳು

ಮೂರನೆಯ ಕೈಗವಸೂ ಕಾಣೆಯಾದ ದಿನ ವರ್ನಾ ಅಜ್ಜಿ ಓವನ್ನಿನ ಬಾಗಿಲು ತೆರೆದು ಒಳಗೆ ಕೈಯಾಡಿಸಿದಳು. ಉಲ್ಲನ್ ಕೈಗವಸನ್ನು ಓವನ್ನಿನಲ್ಲಿ ಯಾರಾದರೂ ಹುಡುಕುತ್ತಾರೆಯೇ ಎಂದು ನೀವು ನಗಬಹುದು. ವರ್ನಾಗೆ ನಗು ಬರಲಿಲ್ಲ. ಅವಳ ಅಕ್ಕ ಎಲ್ಮಾಗೆ ಮರೆವಿನ ಕಾಯಿಲೆ ಶುರುವಾದದ್ದು ಹೀಗೆಯೇ. ಮೊದಲು ಕನ್ನಡಕ ಕಳೆಯಿತು, ಆಮೇಲೆ ಬೂಟುಗಳು ಓವನ್ನಿನಲ್ಲಿ ಸಿಕ್ಕವು, ಕೊನೆಗೆ ವರ್ನಾಳನ್ನೇ ನೋಡಿ "ನೀವ್ಯಾರಮ್ಮ?" ಎಂದು ಕೇಳಿದ್ದಳು.

ಈ ಚಳಿಗಾಲಕ್ಕೆ ಮೊಮ್ಮಗಳು ಟಿಲ್ಲಿಗೆಂದು ಅವಳು ಮೊದಲು ಹೆಣೆದದ್ದು ಕೆಂಪು ಜೊತೆ. ವಾರ ಕಳೆಯುವಷ್ಟರಲ್ಲಿ ಅದರಲ್ಲೊಂದು ಮಾಯ. ಹಸಿರು ಪಟ್ಟೆಯದನ್ನು ಹೆಣೆದಳು, ಅದರಲ್ಲೂ ಒಂದು ಮಾಯ. ಈಗ ಬಿಳಿ ಚುಕ್ಕಿಯ ನೀಲಿ. ಕಳ್ಳನಾದರೆ ಎರಡನ್ನೂ ಒಯ್ಯುತ್ತಿದ್ದ, ಹೀಗೆ ಅರ್ಧಂಬರ್ಧ ಕಳೆಯುವುದು ತಲೆ ಸಡಿಲವಾದವರ ಕೆಲಸವೇ ಎಂದು ವರ್ನಾ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಹೊಸ ಜೊತೆ ಮುಗಿದ ಕೂಡಲೇ ಹಳೆಯ ಒಂಟಿಯನ್ನು ಖಾಲಿ ಕಾಫಿ ಡಬ್ಬಿಗೆ ತುರುಕಿ, ಡಬ್ಬಿಯನ್ನು ಸಿಂಕಿನ ಕೆಳಗೆ ಬಚ್ಚಿಡುತ್ತಿದ್ದಳು. ಹೊಸದು ಸಿದ್ಧವಾಗುವ ತನಕ ಟಿಲ್ಲಿಯ ಒಂದು ಕೈಗೆ ಕೈಗವಸು, ಇನ್ನೊಂದು ಕೈ ಅಜ್ಜಿಯ ಕೋಟಿನ ಜೇಬಿನೊಳಗೆ. ಸರೋವರದ ಕಡೆಯಿಂದ ಬೀಸುವ ಡುಲೂತ್ ಊರಿನ ಗಾಳಿಯಲ್ಲಿ ಇಬ್ಬರೂ ಹಾಗೆಯೇ ಒಬ್ಬರಿಗೊಬ್ಬರು ಅಂಟಿಕೊಂಡು ಶಾಲೆಗೆ ನಡೆಯುತ್ತಿದ್ದರು.

ಟಿಲ್ಲಿಯನ್ನೇ ಒಂದು ಮಾತು ಕೇಳಬಹುದಿತ್ತಲ್ಲ? ಅದಕ್ಕೆ ವರ್ನಾಗೆ ಧೈರ್ಯವಿರಲಿಲ್ಲ. ಐದು ವರ್ಷದ ಮಗು, ಸಂಜೆ ಅಮ್ಮನ ಮುಂದೆ ಎಲ್ಲವನ್ನೂ ಒದರಿಬಿಡುತ್ತದೆ. ಅಮ್ಮ ರೋಂಡಾ ಬೇಕರಿ ಕೆಲಸಕ್ಕೆಂದು ಬೆಳಕು ಹರಿಯುವ ಮೊದಲೇ ಹೊರಟರೆ, ಮಗುವಿಗೆ ಅಜ್ಜಿಯೇ ದಿಕ್ಕು. ಆ ಅಜ್ಜಿಗೇ ಮರೆವು ಎಂದು ಗೊತ್ತಾದರೆ ಯಾವ ತಾಯಿ ತಾನೇ ಮಗುವನ್ನು ಬಿಟ್ಟುಹೋದಾಳು? ಬಿಡಬಾರದು ಕೂಡ. ಒಲೆ ಆರಿಸುವುದನ್ನು ಮರೆತರೆ? ಮಗುವನ್ನೇ ದಾರಿಯಲ್ಲಿ ಮರೆತರೆ? ಮೂರನೆಯದು ಹೋದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಇವತ್ತು ಸಂಜೆ ರೋಂಡಾಗೆ ಹೇಳಿಯೇ ಬಿಡುವುದೆಂದು ನಿಶ್ಚಯಿಸಿದಳು.

ಅದಕ್ಕೆ ಮೊದಲು ಶಾಲೆಗೆ ಹೋಗಿಬರಬೇಕಿತ್ತು. ಮನೆಯಿಲ್ಲದವರು ತಂಗುವ ಆಶ್ರಯದ ಮಕ್ಕಳಿಗೆಂದು ಟಿಲ್ಲಿಯ ತರಗತಿಯವರು ಕೈಗವಸು ಕೂಡಿಸಿದ್ದರು. ಕಳಿಸುವ ಮೊದಲು ಮನೆಯವರೆಲ್ಲ ಬಂದು ನೋಡಲಿ ಎಂದು ಟೀಚರ್ ಮಿಸ್ ಹಾಲ್ವರ್ಸನ್ ಕರೆದಿದ್ದಳು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಎಲ್ಲವನ್ನೂ ಜೋಡಿ ಜೋಡಿಯಾಗಿ ತೂಗುಹಾಕಿದ್ದಳು. ವರ್ನಾ ಮನಸ್ಸಿಲ್ಲದ ಮನಸ್ಸಿನಿಂದ ನೋಡುತ್ತಾ ಬಂದವಳು ಹಗ್ಗದ ಕೊನೆಯಲ್ಲಿ ನಿಂತುಬಿಟ್ಟಳು.

ಕೆಂಪು ಒಂದು. ಹಸಿರು ಪಟ್ಟೆಯದು ಒಂದು. ಬಿಳಿ ಚುಕ್ಕಿಯ ನೀಲಿ ಒಂದು.

ಹೆಬ್ಬೆರಳ ಬುಡದಲ್ಲಿ ತನ್ನ ತಾಯಿ ಕಲಿಸಿದ ಮಡಿಕೆ. ಸಂಶಯವೇ ಇಲ್ಲ. ಅವಳು ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ದೊಪ್ಪನೆ ಕೂತಳು.

"ಟಿಲ್ಲಿ, ಇವನ್ನ ತಂದಿದ್ದು ಯಾರೇ?"

"ಹೇಳ್ಬಾರ್ದು ಅಜ್ಜಿ. ಕೊಟ್ಟಿದ್ದನ್ನ ಹೇಳ್ಕೊಂಡು ತಿರುಗಬಾರ್ದು ಅಂತ ಮಿಸ್ ಹೇಳಿದಾರೆ."

"ಅಜ್ಜಿ ಕಿವೀಲಿ ಹೇಳ್ಬಹುದು ಪುಟ್ಟಿ."

ಟಿಲ್ಲಿ ಟೀಚರ್ ಮುಖ ನೋಡಿ, ಇಡೀ ತರಗತಿಗೇ ಕೇಳುವಂತೆ ಪಿಸುಗುಟ್ಟಿದಳು. "ನಾನೇ! ನೀನು ಹೊಸದು ಮಾಡ್ಕೊಟ್ಟಾಗೆಲ್ಲ ಒಂದೊಂದು. ಹಂಚ್ಕೊಳೋದು ಅಂದ್ರೆ ಅರ್ಧ ಅರ್ಧ ಅಲ್ವಾ?"

ಮಿಸ್ ಹಾಲ್ವರ್ಸನ್ ಕೆನ್ನೆ ಕೆಂಪಾಯಿತು. "ಅಯ್ಯೋ ದೇವ್ರೇ, ನಾನು ಹೇಳಿದ್ದು ಬಿಸ್ಕತ್ತಿಗೆ! ಮಕ್ಕಳು ಮುಚ್ಚಿದ ಬುಟ್ಟಿಗೆ ತಂದು ಹಾಕ್ತಾರೆ, ಯಾರು ಹಾಕಿದ್ದು ಅಂತ ಗೊತ್ತಾಗಲ್ಲ. ಜೊತೇದು ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಕಾಯ್ತಿದ್ದೆ. ನೀವು ಎಲ್ಲೆಲ್ಲಿ ಹುಡುಕಿದ್ರೋ ಏನೋ, ಪಾಪ."

"ಓವನ್ನಿನೊಳಗೂ ಹುಡುಕಿದೀನಿ ಮಿಸ್," ಎಂದಳು ವರ್ನಾ. ಎಂದವಳಿಗೆ ನಗು ಬಂತು. ಬಂದ ನಗು ನಿಲ್ಲಲೇ ಇಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಇಳಿಯಿತು, ಬೇರೆ ಮಕ್ಕಳ ಅಪ್ಪ ಅಮ್ಮಂದಿರು ತಿರುಗಿ ನೋಡಿದರು. ನೋಡಿಕೊಳ್ಳಲಿ. ಇಷ್ಟು ದಿನ ಕದ್ದುಮುಚ್ಚಿ ಅತ್ತವಳು ಎಲ್ಲರೆದುರು ನಕ್ಕರೆ ತಪ್ಪೇನು? ತಲೆ ಸರಿಯಾಗಿತ್ತು. ತಲೆ ನೆಟ್ಟಗೇ ಇತ್ತು!

ಉಸಿರು ತಿರುಗಿದ ಮೇಲೆ ಕೇಳಿದಳು, "ಅಲ್ಲ ಕಣೇ ಜಾಣೆ, ಒಂದೇ ಗ್ಲೌಸು ಇಟ್ಕೊಂಡು ಆ ಮಗು ಏನ್ಮಾಡುತ್ತೆ?"

ಇಂಥ ದಡ್ಡ ಪ್ರಶ್ನೆಗೂ ಉತ್ತರ ಹೇಳಬೇಕೇ ಎಂಬಂತೆ ಟಿಲ್ಲಿ ನಿಟ್ಟುಸಿರಿಟ್ಟಳು. "ಒಂದು ಕೈಗೆ ಗ್ಲೌಸು. ಇನ್ನೊಂದು ಕೈ ಅಜ್ಜಿ ಜೇಬಲ್ಲಿ. ಅಷ್ಟೂ ಗೊತ್ತಿಲ್ವಾ ನಿಂಗೆ?"

ವರ್ನಾ ಅವಳ ಪುಟ್ಟ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ತಾನು ಹೆದರಿ ನಡುಗುತ್ತಾ ನಡೆದ ಆ ಬೆಳಗುಗಳಲ್ಲಿ ಮಗುವಿಗೆ ಏನೊಂದೂ ಕಡಿಮೆಯಾಗಿರಲಿಲ್ಲ.

"ಅಲ್ಲಿರೋ ಮಗೂಗೆ ಅಜ್ಜಿ ಇಲ್ದಿದ್ರೆ?" ಎಂದು ಮೆಲ್ಲಗೆ ಕೇಳಿದಳು.

ಅಜ್ಜಿಯಿಲ್ಲದ ಮಗುವೂ ಲೋಕದಲ್ಲಿರಬಹುದು ಎನ್ನುವುದು ಟಿಲ್ಲಿಗೆ ಹೊಳೆದೇ ಇರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಹಗ್ಗದ ಕಡೆ ನೋಡಿದಳು. ಆಮೇಲೆ ತನ್ನ ಕೋಟಿನ ಜೇಬಿನಿಂದ ಉಳಿದ ನೀಲಿ ಕೈಗವಸನ್ನು ಎಳೆದು ಟೀಚರ್ ಕೈಗಿಟ್ಟಳು.

"ಹಾಗಾದ್ರೆ ಇದೂ ಬೇಕಾಗುತ್ತೆ. ಅಜ್ಜಿ, ಕೆಂಪುದು, ಹಸಿರುದು ಎಲ್ಲಿ? ಕಳೆದು ಹಾಕ್ಬಿಟ್ಯಾ?"

"ಕಾಫಿ ಡಬ್ಬೀಲಿದಾವೆ, ಸಿಂಕಿನ ಕೆಳಗೆ," ಎಂದಳು ವರ್ನಾ, ತಡವರಿಸದೆ. "ನಾಳೆ ಬೆಳಿಗ್ಗೆ ತಂದ್ಕೊಡೋಣ."

ಮನೆಗೆ ಹೊರಟಾಗ ಗಾಳಿ ಜೋರಾಗಿತ್ತು. ಟಿಲ್ಲಿ ಎರಡು ಕೈಗಳನ್ನೂ ಅಜ್ಜಿಯ ಒಂದೇ ಜೇಬಿಗೆ ತೂರಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದಳು. ಸಂಜೆ ರೋಂಡಾಗೆ ಹೇಳುವ ಮಾತು ಇನ್ನೂ ಇತ್ತು. ಆದರೆ ಅದು ಈಗ ಅವಳು ಬೇಕರಿಯಿಂದ ತರುವ ಏಲಕ್ಕಿ ಬನ್ನು ತಿನ್ನುತ್ತಾ ಹೇಳಿ ನಗುವ ಮಾತು.

"ಈಗ ನಂಗೆ ಒಂದೂ ಇಲ್ಲ," ಎಂದಳು ಟಿಲ್ಲಿ.

"ಹೆಣೀತೀನಿ. ಈ ಸಲ ಎರಡು ಜೊತೆ. ಒಂದು ಜೊತೆ ನಿಂಗೆ, ಒಂದು ಜೊತೆ ಬುಟ್ಟಿಗೆ. ಅದೂ ಅರ್ಧ ಅರ್ಧವೇ."

ಟಿಲ್ಲಿ ಲೆಕ್ಕ ಹಾಕಿ ನೋಡಿ ಒಪ್ಪಿದಳು. "ಮರೀಬೇಡ ಮತ್ತೆ."

"ಇಲ್ಲ ಕಣೇ, ಮರೆಯಲ್ಲ," ಎಂದಳು ವರ್ನಾ.