ಒಣಗೂ ತನಕ

ಮಳೆ ಬಂದರೆ ಕೇಡಿಲ್ಲ, ಮಗ ಉಂಡರೆ ಕೇಡಿಲ್ಲ ಅನ್ನುವುದು ಹಳೆಯ ಗಾದೆ. ಅಥಣಿಯ ಮೂಡಣ ಸೀಮೆಗೆ ಬರುವಷ್ಟರಲ್ಲಿ ಅದು ಹೀಗಾಗಿದೆ: ಮಳೆ ಬಂದರೆ ಸಾಹುಕಾರನಿಗೆ ಕೇಡು, ಕೂಲಿಯವನ ಮಗ ಉಂಡರೆ ಇನ್ನೂ ಕೇಡು. ನಡೆದದ್ದನ್ನೇ ಹೇಳುವುದು, ಸುಳ್ಳಾದರೆ ಹೇಳಿದ ಬಾಯಿಗೆ ಆಣೆಕಲ್ಲು ಬೀಳಲಿ.

"ಯಾರನ್ನ ಕೇಳಿ ಗುರ್ಚಿ ಹೊತ್ತೀಲೇ, ಬೋಳಿಮಗನ? ನನ್ನ ಮಣೂಕ ಕೊಳೀಲಿ ಅಂತ ಹರಕಿ ಹೊತ್ತೀಯೇನು?"

ಶೆಡ್ಡಿನ ಮುಂದೆ ವಿರುಪಾಕ್ಷಪ್ಪ ಸಾಹುಕಾರ ಅಡ್ಡ ನಿಂತಿದ್ದ. ಬೆನ್ನ ಹಿಂದೆ ಜಾಳಿಗೆಯ ಅಟ್ಟಗಳ ಮೇಲೆ ಅವನ ದ್ರಾಕ್ಷಿ ಒಣಗಿ ಮಣೂಕ ಆಗುತ್ತಿತ್ತು. ಎದುರಿಗೆ ಕೇರಿಯ ಕಾಮಣ್ಣ: ತಲೆಯ ಮೇಲೆ ರೊಟ್ಟಿ ಹಂಚು, ಅದರ ಮೇಲೆ ಮಳೆ ಬೇಡಲು ಕರಕಿ ಹುಲ್ಲು ಚುಚ್ಚಿ ಮಾಡಿದ ಸಗಣಿಯ ಗುರ್ಚಿ, ಮೈತುಂಬ ನೀರು ಸೋರುವ ಕೌದಿ.

ಚೈತ್ರ ಮುಗಿಯುತ್ತ ಬಂದರೂ ಒಂದು ಅಡ್ಡಮಳೆ ಬಿದ್ದಿರಲಿಲ್ಲ. ಬೆಳಗ್ಗೆ ಮೋಡ, ಮಧ್ಯಾಹ್ನ ಬೆಂಕಿ, ಸಂಜೆ ಧೂಳು. ನೀರಿನ ಟ್ಯಾಂಕರ್ ಕೇರಿಯ ದಾರಿ ಮರೆತಿತ್ತು. ಕಾಮಣ್ಣನ ಹೆಂಡತಿ ಹೊಳೆವ್ವ, ಮಗಳು ಗಂಗಾ. ಮನೆಯಲ್ಲಿ ಮಾತ್ರ ತಂಬಿಗೆ ನೀರಿಲ್ಲ. ಗಂಗಾ ಹಸಿ ಬಾಣಂತಿ, ಕೂಸಿನ ಬಟ್ಟೆ ನಾರುತ್ತಿದ್ದವು. ಗಡಿಗೆ ಹಿಡಿದು ಬೇಡಿದರೆ ಹನಿ ಕೊಡದ ಮನೆಗಳೂ ಮಳೆಯ ಗುರ್ಚಿ ಬಾಗಿಲಿಗೆ ಬಂದರೆ ಇಲ್ಲವೆನ್ನುವಂತಿಲ್ಲ, ಹೊತ್ತವನ ತಲೆಯ ಮೇಲೆ ಕೊಡ ನೀರು ಸುರಿಯಲೇಬೇಕು. ಅದಕ್ಕೇ ಕಾಮಣ್ಣ ಮನೆಯ ದಪ್ಪ ಕೌದಿ ಹೊದ್ದು ಹೊರಟಿದ್ದ. ಕೊನೆಗೆ ಅದನ್ನು ಹಿಂಡಿಕೊಳ್ಳಲು ಹೊಳೆವ್ವ ಮಣ್ಣಿನ ಗಡಿಗೆ ಹಿಡಿದು ಹಿಂದೆಯೇ ಇದ್ದಳು.

"ಮಳಿ ಎಲ್ಲಾರಿಗೂ ಬೇಕಲ್ರಿ, ಸಾವ್ಕಾರ್ರ," ಎಂದ ಕಾಮಣ್ಣ.

"ಎಲ್ಲಾರಂದ್ರ ಯಾರಲೇ? ಬಾ, ಮಣೂಕದ ಬಾಜೂಕ ಬಿಸಲಾಗ ನಿಂದ್ರು. ನೀ ಒಣಗಿದ್ರ ನಿನ್ನ ಮಳೀನೂ ಒಣಗ್ತೈತಿ. ಒಣಗೂ ತನಕಾ ಮಿಸುಕ್ಯಾಡಿದ್ಯೋ, ಕಾಲ ಮುರೀತೀನಿ."

ಹೊಳೆವ್ವ ಸೆರಗೊಡ್ಡಿದಳು. "ಕೌದಿ ಹಿಂಡಿಕೊಂಡ ಹೊಕ್ಕೀವ್ರಿ ಯಪ್ಪಾ. ಮನ್ಯಾಗ ಬಾಣಂತಿ ಅದಾಳ್ರಿ."

"ಹಿಂಡಿದ್ರ ಲಗೂ ಒಣಗ್ತಾನಬೇ. ಮಜಾ ಏನ ಉಳೀತೈತಿ?"

ಸಾಹುಕಾರನ ಮಗ ಸಂದೇಶ ಮೊಬೈಲು ಎತ್ತಿದ. "ಪಪ್ಪಾ, ಇದು ಕರೀ ಮಣೂಕ, ರೇಟ್ ಬರಂಗಿಲ್ಲ. ನಗ್ರಿಲೇ ಎಲ್ಲಾರೂ, ವಿಡಿಯೋ ಚಾಲೂ ಐತಿ."

ಮಣೂಕ ಆರಿಸುತ್ತಿದ್ದ ಹೆಂಗಸರು ನಾಳಿನ ಕೂಲಿ ನೆನೆದು ನಕ್ಕರು. ಕೌದಿಯಿಂದ ಹಬೆ ಏಳುತ್ತಿತ್ತು. ಊರೆಲ್ಲ ಸುರಿದ ನೀರು ಕಾಮಣ್ಣನ ಹೆಗಲ ಮೇಲೆಯೇ ಆರುತ್ತಿತ್ತು.

ಇಳಿಹೊತ್ತಿಗೆ, ಕೌದಿಯ ಅಂಚೊಂದೇ ಹಸಿ ಉಳಿದಾಗ, ಮಿರಜಿನ ದಿಕ್ಕು ಕಪ್ಪಾಯಿತು. ಗಾಳಿ ಒಂದೇ ಏಟಿಗೆ ಶೆಡ್ಡಿಗೆ ಹೊದಿಸಿದ್ದ ತಾಡಪತ್ರಿ ಕಿತ್ತೊಯ್ದಿತು. ಆಮೇಲೆ ನಿಂಬೆಕಾಯಿ ಗಾತ್ರದ ಆಣೆಕಲ್ಲು.

"ಕಾಮ್ಯಾ, ನಿನ್ನ ಹೆಣಾ ಎತ್ಲಿ, ತಾಡಪತ್ರಿ ಹಿಡೀಲೇ," ಎಂದು ಸಾಹುಕಾರ ಕೂಗಿದ.

ಕಾಮಣ್ಣ ಅಲುಗಲಿಲ್ಲ. ಹಂಚಿನ ಮೇಲೆ ಕಲ್ಲು ಟಣಟಣ ಬಡಿಯುತ್ತಿತ್ತು. ಗಂಟಲು ಉಬ್ಬಿಸಿ, ಥೇಟ್ ಸಾಹುಕಾರನ ಧ್ವನಿಯಲ್ಲೇ ಅಂದ: "ಒಣಗೂ ತನಕಾ ಮಿಸುಕ್ಯಾಡಿದ್ಯೋ, ಕಾಲ ಮುರೀತೀನಿ." ಆಮೇಲೆ ತನ್ನ ಧ್ವನಿಯಲ್ಲಿ: "ಇನ್ನೂ ಹಸೀನ ಅದೀನ್ರಿ."

ಸಂದೇಶ ಅವನ ಮೈಮೇಲಿನ ಕೌದಿ ಕಸಿದು ಮಣೂಕಕ್ಕೆ ಹೊದಿಸಿದ. ಗಡಿಗೆಯ ಬಾಯಿ ಮೇಲೆ ಮಾಡಿ ಬಯಲಿಗೆ ಓಡಿದ್ದ ಹೊಳೆವ್ವನ ಕೈಯಲ್ಲಿ, ಕಲ್ಲೇಟಿಗೆ ಗಡಿಗೆ ಒಡೆದು, ಬಾಯಂಚಿನ ಚೂರೊಂದೇ ಉಳಿಯಿತು.

ಮಳೆ ಬಂದಷ್ಟೇ ಬೇಗ ನಿಂತಿತು. ಬಿಸಿಲೂ ಬಂತು. ಮಣೂಕ ಕೆಸರಾಗಿತ್ತು.

"ನಾಳಿಂದ ಯಾರೂ ಕೆಲಸಕ್ಕ ಬರಬ್ಯಾಡ್ರಿ," ಎಂದ ಸಾಹುಕಾರ. ತೊಯ್ದು ತೊಪ್ಪೆಯಾದ ಕೌದಿ ಕಣ್ಣಿಗೆ ಬಿತ್ತು. "ಹಿಂಡಬೇಕಂದಿದ್ದಿ ಅಲ್ಲಬೇ?"

ಅಪ್ಪ ಒಂದು ತುದಿ, ಮಗ ಇನ್ನೊಂದು ತುದಿ ಹಿಡಿದು ತಿರುವಿದರು. ಗಡಿಗೆ ತುಂಬುವಷ್ಟು ನೀರು ಬಿರಿದ ನೆಲಕ್ಕೆ ಸುರಿದು ಇಂಗಿತು. "ತಗೋ. ಒಣಗೇತಿ. ಇನ್ನ ನಡಿ."

ಅಪ್ಪ ಮಗ ನಕ್ಕರು. ಈ ಸಲ ಹೆಂಗಸರು ನಗಲಿಲ್ಲ. ಕಾಮಣ್ಣ ಕೌದಿ ಹೊದ್ದು ಹಂಚು ಸರಿಮಾಡಿಕೊಂಡ.

"ಸಾವ್ಕಾರ್ರ, ಗುರ್ಚಿಗೆ ನಿಮ್ಮ ಮನೀ ಬಾಗಲಾ ಒಂದ ಉಳದೈತ್ರಿ. ಮನ್ಯಾಗಿನ ಅಕ್ಕಾರಿಗೆ ನೀರಿನ ಕೊಡಾ ತರಾಕ ಹೇಳ್ರಿ," ಎಂದು ಊರಿನತ್ತ ತಿರುಗಿ ನಕ್ಕ. ಸಾಹುಕಾರನ ನಗು ನಿಂತಿತು, ಸಂದೇಶನದೂ ನಿಂತಿತು. ಕಾಮಣ್ಣನದು ನಿಲ್ಲಲಿಲ್ಲ, ಹೊಳೆವ್ವ ರಟ್ಟೆ ಹಿಡಿದು ಅಲುಗಿಸಿದರೂ ನಿಲ್ಲಲಿಲ್ಲ.